ಅಡುಗೆಮನೆ ನೋಡಿ ಕೋಣೆ ಹಿಡಿ

ಮ್ಯೂನಿಕ್‌ನ ಯು-6 ರೈಲು ಉತ್ತರದ ಗಾರ್ಶಿಂಗ್‌ನಿಂದ ಹೊರಟು, ಊರಿನ ನಡುಮಧ್ಯೆ ಹಾದು, ದಕ್ಷಿಣದ ಗ್ರೋಸ್‌ಹಾಡರ್ನ್ ಆಸ್ಪತ್ರೆಯ ಬಳಿ ನಿಲ್ಲುತ್ತದೆ. ಗಾರ್ಶಿಂಗ್‌ನಲ್ಲಿ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಎಂಜಿನಿಯರಿಂಗ್, ಭೌತವಿಜ್ಞಾನ, ಗಣಿತ, ಕಂಪ್ಯೂಟರ್ ವಿಭಾಗಗಳಿವೆ. ಅಲ್ಲಿಂದ ಕೆಲವು ನಿಲ್ದಾಣ ದಾಟಿದರೆ ಸ್ಟೂಡೆಂಟನ್‌ಸ್ಟಾಟ್, ಜರ್ಮನಿಯ ಅತಿ ದೊಡ್ಡ ವಿದ್ಯಾರ್ಥಿ ವಸತಿ. ಮುಂದೆ ಶ್ವಾಬಿಂಗ್‌ನ ಹಳೆಯ ಬೀದಿಗಳು. ಅವುಗಳ ಅಂಚಿಗೆ, 1472ರಲ್ಲಿ ಇಂಗೋಲ್‌ಸ್ಟಾಟ್‌ನಲ್ಲಿ ಹುಟ್ಟಿ 1826ರಲ್ಲಿ ಇಲ್ಲಿಗೆ ಬಂದ ಲುಡ್ವಿಗ್ ಮ್ಯಾಕ್ಸಿಮಿಲಿಯನ್ ವಿಶ್ವವಿದ್ಯಾಲಯ. ನಡುಪೇಟೆ ದಾಟಿ ಗೋಯೆಥೆಪ್ಲಾಟ್ಸ್‌ನಲ್ಲಿ ಇಳಿದರೆ ಅಕ್ಟೋಬರ್‌ಫೆಸ್ಟ್ ನಡೆಯುವ ಬಯಲು ಹತ್ತಿರ. ಅದರ ಮುಂದಿನ ನಿಲ್ದಾಣ ಪೋಚಿಸ್ಟ್ರಾಸೆಯ ಬಳಿ, ಹೊಸದಾಗಿ ಬಂದವರು ತಮ್ಮ ವಾಸದ ವಿಳಾಸ ದಾಖಲಿಸಲು ಹೋಗುವ ದೊಡ್ಡ ಕಚೇರಿಯಿದೆ. ಈ ದಾರಿಯ ಉದ್ದಕ್ಕೂ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಸೂಟ್‌ಕೇಸ್ ಎಳೆದುಕೊಂಡು, ಫೋನ್ ನೋಡುತ್ತ ವಿಳಾಸ ಹುಡುಕುವ ನಮ್ಮ ಹುಡುಗ ಹುಡುಗಿಯರು ಕಾಣುತ್ತಾರೆ. ಅವರಿಗೆ ಸೀಟು ಸಿಕ್ಕಿದೆ. ಕೋಣೆ ಸಿಕ್ಕಿಲ್ಲ.

ಜರ್ಮನಿಯಲ್ಲಿ ಓದುತ್ತಿರುವ ವಿದೇಶಿ ವಿದ್ಯಾರ್ಥಿಗಳಲ್ಲಿ ಇಂದು ಭಾರತೀಯರದೇ ಮೊದಲ ಸ್ಥಾನ. 2023–24ರ ಚಳಿಗಾಲದ ಸೆಮಿಸ್ಟರ್‌ನಲ್ಲೇ ಅವರ ಸಂಖ್ಯೆ 49 ಸಾವಿರ ದಾಟಿತ್ತು. ಕರ್ನಾಟಕದವರಿಗೆ ಮ್ಯೂನಿಕ್ ಮೇಲೆ ವಿಶೇಷ ಕಣ್ಣು. ಬವೇರಿಯಾ ಮತ್ತು ಕರ್ನಾಟಕದ ನಡುವೆ 2007ರಿಂದ ಸಹಭಾಗಿತ್ವವಿದೆ, ಬೆಂಗಳೂರಿನಲ್ಲಿ ಬವೇರಿಯಾ ರಾಜ್ಯದ ಕಚೇರಿಯಿದೆ, 2023ರ ನವೆಂಬರ್‌ನಿಂದ ಬೆಂಗಳೂರಿಗೂ ಮ್ಯೂನಿಕ್‌ಗೂ ನೇರ ವಿಮಾನ ಬಂದಿದೆ. ಈ ಊರಿನಲ್ಲಿರುವ ನನ್ನಂಥವರಿಗೆ ಜುಲೈ ಬಂತೆಂದರೆ ದಾವಣಗೆರೆ, ಹಾಸನ, ಹುಬ್ಬಳ್ಳಿ ಕಡೆಯಿಂದ ಫೋನ್ ಶುರುವಾಗುತ್ತದೆ. ವಿಶ್ವವಿದ್ಯಾಲಯದ ರ‍್ಯಾಂಕು ಎಷ್ಟು, ಕೋರ್ಸು ಮುಗಿದರೆ ಕೆಲಸ ಸಿಗುತ್ತದೆಯೇ, ಫೀಸು ಎಷ್ಟು ಎಂಬುದನ್ನೆಲ್ಲ ತಂದೆ ತಾಯಿ ಆಗಲೇ ವಿಚಾರಿಸಿಕೊಂಡಿರುತ್ತಾರೆ. ಕೊನೆಯಲ್ಲಿ, ಫೋನ್ ಇಡುವ ಮುಂಚೆ, ‘ಹಾಸ್ಟೆಲ್ ಅವರೇ ಕೊಡ್ತಾರಲ್ವಾ?’ ಎಂದು ಕೇಳುತ್ತಾರೆ.

ಕೊಡುವುದಿಲ್ಲ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಕ್ಕೂ ವಿದ್ಯಾರ್ಥಿ ಎಲ್ಲಿ ಮಲಗುತ್ತಾನೆ ಎಂಬುದಕ್ಕೂ ಸಂಬಂಧವಿಲ್ಲ. ವಸತಿ, ಊಟದ ಮನೆ ಇವನ್ನೆಲ್ಲ ನೋಡಿಕೊಳ್ಳುವುದು ‘ಸ್ಟುಡೀರೆಂಡನ್‌ವೆರ್ಕ್’ ಎಂಬ ಬೇರೆಯದೇ ಸಾರ್ವಜನಿಕ ಸಂಸ್ಥೆ. ಮ್ಯೂನಿಕ್ ಮತ್ತು ಸುತ್ತಿನ ಬವೇರಿಯಾಕ್ಕೆ ಅದರ ಬಳಿ ಇರುವುದು ಸುಮಾರು ಹನ್ನೊಂದು ಸಾವಿರ ಜಾಗ. ಈ ಎರಡು ದೊಡ್ಡ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳನ್ನು ಮಾತ್ರ ಎಣಿಸಿದರೂ ಒಂದು ಲಕ್ಷದ ಹತ್ತಿರ ಹೋಗುತ್ತದೆ.

ನಮ್ಮವರ ಆ ಕೊನೆಯ ಪ್ರಶ್ನೆಯ ಹಿಂದೆ ದೊಡ್ಡ ಚರಿತ್ರೆಯಿದೆ. ಓದಲು ಹೊರಟ ಬಡ ಹುಡುಗನಿಗೆ ಅನ್ನ ಮತ್ತು ಸೂರು ಕೊಡುವುದು ನಮ್ಮ ಸಮಾಜ ತನ್ನ ಮೇಲೆ ತಾನೇ ಹೊತ್ತುಕೊಂಡಿದ್ದ ಕೆಲಸ. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುವ ವಾರಾನ್ನ ಉಂಡೇ ಬೆಳೆದ ಒಂದು ತಲೆಮಾರು ಮೈಸೂರು ಸಂಸ್ಥಾನದ ಕಚೇರಿ, ಶಾಲೆ, ಪತ್ರಿಕೆಗಳನ್ನು ತುಂಬಿತು. ಸಿದ್ಧಗಂಗೆ, ಸುತ್ತೂರು, ಧಾರವಾಡದ ಮುರುಘಾಮಠದಂಥ ಮಠಗಳು ಉಚಿತ ಪ್ರಸಾದ ನಿಲಯ ನಡೆಸಿದವು. ಒಕ್ಕಲಿಗರು, ಲಿಂಗಾಯತರು ತಂತಮ್ಮ ಸಮುದಾಯದ ಹಾಸ್ಟೆಲ್ ಕಟ್ಟಿದರು. 1970ರ ದಶಕದಲ್ಲಿ ದೇವರಾಜ ಅರಸು ಅವರ ಕಾಲಕ್ಕೆ ಹಿಂದುಳಿದ ವರ್ಗಗಳ ಹಾಸ್ಟೆಲುಗಳು ತಾಲ್ಲೂಕುಗಳಿಗೂ ಹೋದವು. ಈ ಎಲ್ಲ ಕಡೆಯೂ ಹುಡುಗನ ಪರವಾಗಿ ಹಿರಿಯರೊಬ್ಬರು ಮಾತಾಡುತ್ತಿದ್ದರು. ‘ಯಾರ ಮಗ, ಯಾವ ಊರು’ ಎಂಬುದಕ್ಕೆ ಉತ್ತರ ಸಿಕ್ಕಿದರೆ ಕೋಣೆಯೂ ಸಿಗುತ್ತಿತ್ತು. ಮ್ಯೂನಿಕ್‌ನಲ್ಲಿ ಹಿರಿಯರ ಮಾತು ನಡೆಯುವುದಿಲ್ಲ. ಇಪ್ಪತ್ತೆರಡರ ಹುಡುಗಿ ತಾನೇ ಪತ್ರ ಬರೆದು, ತಾನೇ ಹೋಗಿ ಕುಳಿತು, ತಾನು ಎಂಥವಳು ಎಂದು ಅಪರಿಚಿತರಿಗೆ ಹೇಳಿಕೊಳ್ಳಬೇಕು. ಓದಿನಷ್ಟೇ ಗಂಭೀರವಾಗಿ ಇದಕ್ಕೂ ತಯಾರಿ ಬೇಕು. ಇಷ್ಟು ವರ್ಷ ನೋಡಿ ನಾನು ಕಂಡುಕೊಂಡದ್ದನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಕೋಣೆ ಆರಿಸುವಾಗ ಕ್ಯಾಂಪಸ್ಸಿನ ದೂರವನ್ನೋ ಕೋಣೆಯ ಅಳತೆಯನ್ನೋ ಮೊದಲು ನೋಡಬಾರದು, ಅಡುಗೆಮನೆ ನೋಡಬೇಕು. ಅದು ಯಾರ ಜೊತೆ ಹಂಚಿಕೊಳ್ಳುವ ಅಡುಗೆಮನೆ ಎಂಬುದು ಬಾಡಿಗೆಯಷ್ಟೇ ಮುಖ್ಯ.

ಬಾಡಿಗೆಯ ಲೆಕ್ಕವನ್ನು ಮೊದಲು ಮುಗಿಸೋಣ. ಅದನ್ನು ಬಿಟ್ಟು ಬೇರೆ ಮಾತಾಡಿದರೆ ಈ ಊರಿನಲ್ಲಿ ಯಾರೂ ಕೇಳುವುದಿಲ್ಲ. ಜರ್ಮನಿಯ ವೀಸಾಕ್ಕೆ ವಿದ್ಯಾರ್ಥಿ ಒಂದು ವರ್ಷದ ಖರ್ಚನ್ನು ತಡೆಹಿಡಿದ ಖಾತೆಯಲ್ಲಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೋ, ಅಂದರೆ ತಿಂಗಳಿಗೆ 992. ಹಂಚಿಕೊಂಡ ಮನೆಯಲ್ಲಿ ಒಂದು ಕೋಣೆಗೆ ಮ್ಯೂನಿಕ್‌ನಲ್ಲಿ ಸರಾಸರಿ ಬಾಡಿಗೆ 2025ರಲ್ಲಿ 800 ಯೂರೋ ಮುಟ್ಟಿತು. ದೇಶದ ಸರಾಸರಿ 500ರ ಸುತ್ತ. ಯೂರೋಗೆ ನೂರು ರೂಪಾಯಿಯ ಆಸುಪಾಸು ಹಿಡಿದರೆ ಒಂದು ಕೋಣೆಗೆ ತಿಂಗಳಿಗೆ ಎಂಬತ್ತು ಸಾವಿರ. 992ರಲ್ಲಿ 800 ಕಳೆದು, ಕಡ್ಡಾಯ ಆರೋಗ್ಯ ವಿಮೆಗೆ ಸುಮಾರು 140 ಕೊಟ್ಟರೆ ಊಟಕ್ಕೆ, ಬಟ್ಟೆಗೆ, ಪುಸ್ತಕಕ್ಕೆ ಉಳಿಯುವುದು ಐವತ್ತು ಯೂರೋ. ಇದು ನಮ್ಮವರ ಕಷ್ಟ ಮಾತ್ರವಲ್ಲ. ಜರ್ಮನ್ ಸರ್ಕಾರ ತನ್ನ ಬಡ ವಿದ್ಯಾರ್ಥಿಗಳಿಗೆ ಕೊಡುವ ನೆರವಿನಲ್ಲಿ ವಸತಿಯ ಪಾಲು 380 ಯೂರೋ, ಮ್ಯೂನಿಕ್‌ನ ಕೋಣೆಯ ಅರ್ಧವೂ ಅಲ್ಲ. ಇದರ ಮೇಲೆ ತಾಂತ್ರಿಕ ವಿಶ್ವವಿದ್ಯಾಲಯ 2024–25ರ ಚಳಿಗಾಲದಿಂದ ಯುರೋಪ್ ಒಕ್ಕೂಟದ ಹೊರಗಿನವರಿಗೆ ಶುಲ್ಕ ಹಾಕಿದೆ. ಸ್ನಾತಕೋತ್ತರ ಕೋರ್ಸುಗಳಿಗೆ ಸಾಮಾನ್ಯವಾಗಿ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ. ‘ಜರ್ಮನಿಯಲ್ಲಿ ಓದು ಪುಕ್ಕಟೆ’ ಎಂದು ಹತ್ತು ವರ್ಷದ ಹಿಂದೆ ಹೋಗಿ ಬಂದವರು ಹೇಳಿದ ಮಾತನ್ನು ನಂಬಿ ಸಾಲದ ಲೆಕ್ಕ ಹಾಕುವ ಮನೆಗಳು ಇದನ್ನು ಎರಡು ಸಲ ಓದಿಕೊಳ್ಳಬೇಕು.

ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ವಿದೇಶಿ ವಿದ್ಯಾರ್ಥಿಗೆ ಅನುಮತಿ ಇದೆ. ಬಹಳ ಮಂದಿ ಹಾಗೆ ದುಡಿದೇ ಬಾಡಿಗೆ ಕಟ್ಟುತ್ತಾರೆ. ಆದರೆ ಮೊದಲ ಸೆಮಿಸ್ಟರ್‌ನಲ್ಲೇ ಕೆಲಸ ಸಿಗುತ್ತದೆಂದು ನಂಬಿ ದುಬಾರಿ ಕೋಣೆ ಹಿಡಿಯುವುದು ತಪ್ಪು.

ಹೀಗಾಗಿ ಸ್ಟುಡೀರೆಂಡನ್‌ವೆರ್ಕ್‌ನ ಕೋಣೆಯೇ ಎಲ್ಲರ ಮೊದಲ ಆಸೆ. ಖಾಸಗಿ ಬಾಡಿಗೆಯ ಅರ್ಧದ ಸುತ್ತ ಕೊಟ್ಟರೆ ಸಾಕು, ಬಿಸಿನೀರು, ಶಾಖ, ಕರೆಂಟು ಎಲ್ಲ ಅದರೊಳಗೇ. ಕಾಯುವ ಪಟ್ಟಿ ಮಾತ್ರ ಉದ್ದ. ಒಂದು ಸೆಮಿಸ್ಟರ್‌ನಿಂದ ಹಲವು ಸೆಮಿಸ್ಟರ್‌ಗಳವರೆಗೆ ಕಾಯಬೇಕು. ಎರಡೇ ವರ್ಷದ ಕೋರ್ಸಿಗೆ ಬಂದವನ ಸರದಿ ಬರುವ ಹೊತ್ತಿಗೆ ಅವನು ಪ್ರಬಂಧ ಬರೆಯುತ್ತಿರುತ್ತಾನೆ. ಆದರೂ ಅರ್ಜಿ ಹಾಕಲೇಬೇಕು, ಸಾಧ್ಯವಾದ ಮೊದಲ ದಿನವೇ ಹಾಕಬೇಕು. ಊರಿನಿಂದ ದೂರದ, ಯಾರೂ ಬಯಸದ ವಸತಿಗಳಲ್ಲಿ ಸರದಿ ಬೇಗ ಬರುತ್ತದೆ.

ಸ್ಟೂಡೆಂಟನ್‌ಸ್ಟಾಟ್‌ನ ಕತೆಯನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. ರಸಾಯನಶಾಸ್ತ್ರದ ಪ್ರಾಧ್ಯಾಪಕ ಎಗೋನ್ ವೀಬರ್ಗ್ ಅವರ ಕನಸಿನಿಂದ 1960ರ ದಶಕದಲ್ಲಿ ಫ್ರೈಮಾನ್‌ನಲ್ಲಿ ಅದು ಎದ್ದಿತು. ಯುದ್ಧದಲ್ಲಿ ಪುಡಿಯಾಗಿ ಮತ್ತೆ ಎದ್ದ ನಗರಕ್ಕೆ ಓದಲು ಬರುವವರಿಗೆ ಬರೀ ಹಾಸಿಗೆ ಸಾಲದು, ಒಂದು ಊರೇ ಬೇಕು ಎಂಬುದು ಅದರ ಹಿಂದಿನ ಯೋಚನೆ. ಎತ್ತರದ ಕಟ್ಟಡಗಳು, ನಡುವೆ ಹುಲ್ಲುಹಾಸು, ವಿದ್ಯಾರ್ಥಿಗಳೇ ನಡೆಸುವ ಹೋಟೆಲು, ಪ್ರತಿ ಬೇಸಿಗೆಗೆ ಸಂಗೀತದ ಹಬ್ಬ, ಎರಡೂವರೆ ಸಾವಿರದಷ್ಟು ಜನ. ಹಲವು ಮಹಡಿಗಳಲ್ಲಿ ಸಾಲು ಕೋಣೆಗಳಿಗೆಲ್ಲ ಒಂದೇ ಅಡುಗೆಮನೆ. 2021ರ ಫೆಬ್ರುವರಿಯಲ್ಲಿ ಅಲ್ಲಿನ ಎತ್ತರದ ಕಟ್ಟಡವೊಂದರಲ್ಲಿ ಬೆಂಕಿ ಬಿದ್ದು ಒಬ್ಬ ಯುವತಿ ಪ್ರಾಣ ಕಳೆದುಕೊಂಡಳು. ಆಮೇಲಿನ ತಪಾಸಣೆಯಲ್ಲಿ ಹಳೆಯ ಕಟ್ಟಡಗಳ ದೋಷಗಳು ಹೊರಬಿದ್ದು, ಒಂದಾದ ಮೇಲೊಂದು ಮನೆ ತೆರವಾಯಿತು. ಸಾವಿರಕ್ಕೂ ಹೆಚ್ಚು ಕೋಣೆಗಳು ವರ್ಷಗಟ್ಟಲೆ ಖಾಲಿ ನಿಂತವು. ಕೋಣೆಗಾಗಿ ಸಾಲು ನಿಂತವರು ಯು-6 ರೈಲಿನ ಕಿಟಕಿಯಿಂದ ದಿನವೂ ಆ ಕತ್ತಲೆಯ ಕಿಟಕಿಗಳನ್ನು ನೋಡಿಕೊಂಡೇ ಕ್ಲಾಸಿಗೆ ಹೋದರು. ದುರಸ್ತಿಗೆ ಹಣ ಎಲ್ಲಿಂದ, ಯಾರು ಹೊಣೆ ಎಂಬ ಚರ್ಚೆಗೇ ವರ್ಷಗಳು ಹಿಡಿದವು. ಜಗತ್ತಿನ ಮೂಲೆಮೂಲೆಯಿಂದ ವಿದ್ಯಾರ್ಥಿಗಳನ್ನು ಕರೆಯುವ, ಅವರಿಂದ ಈಗ ಶುಲ್ಕವನ್ನೂ ಪಡೆಯುವ ಶ್ರೀಮಂತ ರಾಜ್ಯವೊಂದು ಇದನ್ನು ಇಷ್ಟು ನಿಧಾನಕ್ಕೆ ಬಿಟ್ಟದ್ದು ಸರಿಯಲ್ಲ. ಕರೆದವರ ಮನೆಯಲ್ಲಿ ಕೂರಲು ಜಾಗ ಇರಬೇಕು.

ಮ್ಯೂನಿಕ್‌ನಲ್ಲಿ ಮನೆ ಇಷ್ಟು ಕಡಿಮೆ ಇರುವುದಕ್ಕೆ ಕಾರಣಗಳು ಹಲವು. ಹದಿನೈದು ಲಕ್ಷ ಮೀರಿದ ಜನ, ಬಿಎಂಡಬ್ಲ್ಯು, ಸೀಮೆನ್ಸ್, ಅಲಿಯಾನ್ಸ್‌ನಂಥ ಕಂಪನಿಗಳು ಸೆಳೆಯುವ ಉದ್ಯೋಗಿಗಳು, ವಿದ್ಯಾರ್ಥಿ ಕೇಳುವ ಅದೇ ಎರಡು ಕೋಣೆಯ ಮನೆಗೆ ಎರಡು ಸಂಬಳದ ದಂಪತಿಯ ಪೈಪೋಟಿ. ಫ್ರಾವೆನ್‌ಕಿರ್ಶ ಚರ್ಚಿನ ಗೋಪುರಗಳಿಗಿಂತ, ಅಂದರೆ ಸುಮಾರು ನೂರು ಮೀಟರಿಗಿಂತ ಎತ್ತರದ ಕಟ್ಟಡ ಬೇಡ ಎಂದು 2004ರ ಜನಮತದಲ್ಲಿ ನಗರದವರೇ ತೀರ್ಮಾನಿಸಿದರು. ಊರಿನ ಚೆಲುವು ಉಳಿಯಿತು, ಊರು ಮೇಲಕ್ಕೆ ಬೆಳೆಯುವ ದಾರಿ ಕಿರಿದಾಯಿತು.

ಶ್ವಾಬಿಂಗ್ ಎಂಬ ಹೆಸರು ಕೇಳಿಯೇ ಕೆಲವರು ಅಲ್ಲೇ ಮನೆ ಬೇಕೆಂದು ಹಟ ಹಿಡಿಯುತ್ತಾರೆ. ನೂರು ವರ್ಷದ ಹಿಂದೆ ಅದು ಬಡ ಕಲಾವಿದರ, ವಿದ್ಯಾರ್ಥಿಗಳ ಬಡಾವಣೆ. ಚಿತ್ರಕಲೆ ಕಲಿಯಲು 1896ರಲ್ಲಿ ರಷ್ಯದಿಂದ ಬಂದ ಕಾಂಡಿನ್‌ಸ್ಕಿ ಅಲ್ಲಿ ಬದುಕಿದ್ದರು, 1900ರಿಂದ 1902ರವರೆಗೆ ಲೆನಿನ್ ಅಲ್ಲಿ ಬಾಡಿಗೆಗಿದ್ದರು. ಹಿಟ್ಲರನ ವಿರುದ್ಧ ಕರಪತ್ರ ಹಂಚಿದ ಹಾನ್ಸ್ ಮತ್ತು ಸೋಫಿ ಶೋಲ್ ಎಂಬ ಅಣ್ಣ ತಂಗಿ ಕೊನೆಯ ತಿಂಗಳುಗಳಲ್ಲಿ ಅಲ್ಲಿನ ಫ್ರಾನ್ಸ್ ಯೋಸೆಫ್ ಬೀದಿಯ 13ನೇ ನಂಬರಿನ ಹಿಂಬದಿ ಮನೆಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದರು. 1943ರ ಫೆಬ್ರುವರಿ 18ರಂದು ನಡೆದುಹೋಗುವಷ್ಟು ದೂರದ ವಿಶ್ವವಿದ್ಯಾಲಯದಲ್ಲಿ ಅವರ ಬಂಧನವಾಯಿತು, ನಾಲ್ಕೇ ದಿನದಲ್ಲಿ ತಲೆ ಕಡಿದರು. ಸೋಫಿಗೆ ಇಪ್ಪತ್ತೊಂದು ವರ್ಷ. ಒಂದು ಬಾಡಿಗೆ ಕೋಣೆ ವಿದ್ಯಾರ್ಥಿಗಳಿಗೆ ಏನೆಲ್ಲ ಆಗಬಹುದು ಎಂದು ಯೋಚಿಸುವಾಗ ನನಗೆ ಮೊದಲು ನೆನಪಾಗುವುದು ಆ ಎರಡು ಕೋಣೆಗಳು. ಆ ಶ್ವಾಬಿಂಗ್ ಈಗ ವಕೀಲರು, ವೈದ್ಯರು ವಾಸಿಸುವ ದುಬಾರಿ ಬಡಾವಣೆ. ಅಲ್ಲಿ ಓಡಾಡಲು ಹೋಗಬಹುದು, ಕೋಣೆ ಸಿಗದಿದ್ದರೆ ಕಳೆದುಕೊಂಡದ್ದು ಏನೂ ಇಲ್ಲ.

ಕಳೆದುಕೊಳ್ಳಬಾರದ್ದು ಬೇರೆ ಇದೆ. ಮೊದಲ ವರ್ಷ ಬಂದವರಲ್ಲಿ ಎರಡು ಬಗೆಯ ಭಯ ಕಾಣುತ್ತೇನೆ. ಒಂದು, ಯಾರೊಂದಿಗೂ ಹೊಂದಿಕೊಳ್ಳಲಾರೆ ಎಂಬ ಭಯ. ಅಂಥವರ ಮನೆಯವರು ಸಾಲ ಹೆಚ್ಚು ಮಾಡಿಯಾದರೂ ಒಂಟಿ ಅಪಾರ್ಟ್‌ಮೆಂಟ್ ಹಿಡಿದುಕೊಡುತ್ತಾರೆ. ಇತ್ತೀಚೆಗೆ ಖಾಸಗಿಯವರು ಕಟ್ಟಿದ ಪುಟ್ಟ ಪುಟ್ಟ ಮನೆಗಳಿವೆ. ಮಂಚ, ಮೇಜು, ಗೋಡೆಗೆ ಅಂಟಿದ ಎರಡು ಒಲೆ, ಕೆಳಗೆ ಬಟ್ಟೆ ಒಗೆಯುವ ಯಂತ್ರ, ಬಾಡಿಗೆ ಹಲವು ಕಡೆ ಸಾವಿರ ಯೂರೋ ದಾಟುತ್ತದೆ. ನವೆಂಬರ್ ಕಳೆದ ಮೇಲೆ ಇಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಯವರೆಗೆ ಒಬ್ಬರೊಡನೆಯೂ ಮಾತಾಡದೆ ಕಳೆಯುವುದು ಇಂಥ ಕೋಣೆಯಲ್ಲಿ ತುಂಬ ಸುಲಭ. ಓದಿನಲ್ಲಿ ಹಿಂದೆ ಬಿದ್ದ, ಪರೀಕ್ಷೆ ಬಿಟ್ಟ ಮಕ್ಕಳ ಬಗ್ಗೆ ಕೇಳಿದಾಗೆಲ್ಲ ನಾನು ಮೊದಲು ಅವರು ಎಲ್ಲಿ, ಯಾರ ಜೊತೆ ಇದ್ದಾರೆ ಎಂದು ವಿಚಾರಿಸುತ್ತೇನೆ.

ಇನ್ನೊಂದು ಭಯ, ಅನ್ನ ಸಾರು ಸಿಗದು ಎಂಬುದು. ಅಂಥವರು ವಿಮಾನ ಹತ್ತುವ ಮುಂಚೆಯೇ ನಾಲ್ಕು ಜನ ನಮ್ಮವರನ್ನು ಕೂಡಿಸಿಕೊಂಡು ದೂರದ ಡಾಖಾವ್, ಫ್ರೈಸಿಂಗ್ ಕಡೆ ಒಂದು ಮನೆ ಹಿಡಿಯುತ್ತಾರೆ. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪರದೇಶದ ಮೊದಲ ಚಳಿಗಾಲದಲ್ಲಿ ಕನ್ನಡದಲ್ಲಿ ಜಗಳವಾಡಲು ಒಬ್ಬರಿದ್ದರೆ ಎಷ್ಟು ಸಮಾಧಾನ ಎಂದು ಅನುಭವಿಸಿದವರಿಗೇ ಗೊತ್ತು. ಆದರೆ ಎರಡು ವರ್ಷ ಅದೇ ಮನೆಯಲ್ಲಿ ಉಳಿದವರಿಗೆ ಓದು ಮುಗಿಸಿ ಕೆಲಸ ಹುಡುಕುವಾಗ ಜರ್ಮನ್ ಬಾಯಲ್ಲಿ ಹೊರಳುವುದಿಲ್ಲ. ಕ್ಲಾಸು ಇಂಗ್ಲಿಷಿನಲ್ಲಿ, ಮನೆ ಕನ್ನಡ ಹಿಂದಿಯಲ್ಲಿ, ಜರ್ಮನ್ ಮಾತ್ರ ಅಂಗಡಿಯ ಕೌಂಟರಿನಲ್ಲಿ. ಭಾಷೆಯ ತರಗತಿಗೆ ವಾರಕ್ಕೆ ಎರಡು ಸಂಜೆ ಹೋದರೂ, ಕುಕ್ಕರಿನ ಪಕ್ಕ ನಿಂತು ‘ಇವತ್ತು ಕಸ ಹೊರಗಿಡುವ ಸರದಿ ಯಾರದು’ ಎಂದು ವಾದಿಸಿದಷ್ಟು ಭಾಷೆ ಬರುವುದಿಲ್ಲ. ಕನ್ನಡಕ್ಕೆ ಬೇರೆ ಜಾಗವಿದೆ. ಮ್ಯೂನಿಕ್‌ನ ಸಿರಿಗನ್ನಡಕೂಟದ ಯುಗಾದಿ, ರಾಜ್ಯೋತ್ಸವಗಳಿಗೆ ಹೋಗಿ, ಅಲ್ಲಿ ಸಿಕ್ಕ ಅಕ್ಕ ಅಣ್ಣಂದಿರ ಮನೆಗೆ ಊಟಕ್ಕೆ ಹೋಗಿ. ಮಲಗುವ ಮನೆ ಬೇರೆಯವರ ಜೊತೆ ಇರಲಿ.

ಆ ಬೇರೆಯವರ ಜೊತೆಗಿನ ಮನೆಗೆ ಇಲ್ಲಿ ‘ವೇಗೇ’ ಎನ್ನುತ್ತಾರೆ. ಮೂರೋ ನಾಲ್ಕೋ ಜನರಿಗೆ ಒಂದೊಂದು ಕೋಣೆ, ಅಡುಗೆಮನೆ ಮತ್ತು ಬಚ್ಚಲು ಎಲ್ಲರಿಗೂ ಸೇರಿ. ಹುಡುಗ ಹುಡುಗಿಯರು ಒಂದೇ ಮನೆಯಲ್ಲಿರುವುದು ಇಲ್ಲಿ ಮಾಮೂಲು. ಮೊದಲೇ ತಿಳಿಸಿದರೆ ಊರಿನ ತಂದೆ ತಾಯಿಗೆ ಗಾಬರಿ ಕಡಿಮೆಯಾಗುತ್ತದೆ. ಬೇಡವೆನ್ನುವವರಿಗೆ ಹುಡುಗಿಯರದೇ ಮನೆಗಳೂ ಇವೆ. ಖಾಲಿಯಾದ ಕೋಣೆಗೆ ಯಾರನ್ನು ಸೇರಿಸಿಕೊಳ್ಳಬೇಕು ಎಂಬುದನ್ನು ಮನೆಯ ಯಜಮಾನನಿಗಿಂತ ಮೊದಲು ಅಲ್ಲಿರುವವರೇ ತೀರ್ಮಾನಿಸುತ್ತಾರೆ. ಅದಕ್ಕೊಂದು ಸಂದರ್ಶನ. ಅದು ನಡೆಯುವುದು ಸಾಮಾನ್ಯವಾಗಿ ಅಡುಗೆಮನೆಯ ಮೇಜಿನ ಸುತ್ತಲೇ. ಏನು ಓದುತ್ತೀಯ, ವಾರದ ಕೊನೆಗೆ ಏನು ಮಾಡುತ್ತೀಯ, ಬೆಳಿಗ್ಗೆ ಬೇಗ ಏಳುತ್ತೀಯಾ, ಒಟ್ಟಿಗೆ ಅಡುಗೆ ಮಾಡಲು ಇಷ್ಟವೇ, ಶುಚಿತನದ ಪಟ್ಟಿಗೆ ಒಪ್ಪಿಗೆಯೇ. ನಮ್ಮ ಮಕ್ಕಳು ಇದನ್ನು ಕೆಲಸದ ಇಂಟರ್‌ವ್ಯೂ ಎಂದುಕೊಂಡು ಅಂಕಪಟ್ಟಿ, ಅಪ್ಪನ ಉದ್ಯೋಗ ಎಲ್ಲ ಹೇಳುತ್ತಾರೆ. ಕೇಳುವವರಿಗೆ ಬೇಕಾದದ್ದು ಅದಲ್ಲ. ಸಂಜೆ ಸುಸ್ತಾಗಿ ಬಂದಾಗ ಎದುರಿಗೆ ಕೂತಿರುವ ಮನುಷ್ಯ ಸಹಿಸಿಕೊಳ್ಳಬಹುದಾದವನೇ ಎಂಬುದನ್ನು ಅವರು ನೋಡುತ್ತಿದ್ದಾರೆ. ಕೇರಂ ಆಡುವುದು, ಗುಡ್ಡ ಹತ್ತುವುದು, ಅಮ್ಮ ಕಲಿಸಿದ ಚಿತ್ರಾನ್ನ ಮಾಡುವುದು ಗೊತ್ತಿದ್ದರೆ ಅದನ್ನು ಹೇಳಬೇಕು. ಅವರನ್ನೂ ಕೇಳಬೇಕು. ಒಗ್ಗರಣೆಯ ಹೊಗೆಗೆ ಅಭ್ಯಂತರವಿದೆಯೇ, ಹೊಗೆ ಎಚ್ಚರಿಸುವ ಅಲಾರಂ ಎಲ್ಲಿದೆ, ಮಾಂಸ ಬೇಯಿಸುವ ಪಾತ್ರೆ ಬೇರೆ ಇಡಬಹುದೇ ಎಂಬುದನ್ನು ಮೊದಲ ದಿನವೇ ಮಾತಾಡಿಕೊಂಡ ಮನೆಗಳಲ್ಲಿ ಜಗಳ ಕಡಿಮೆ. ಬೇಳೆ, ಹುಣಸೆ, ಇಂಗು ಎಲ್ಲವೂ ಈ ಊರಿನಲ್ಲಿ ಸಿಗುತ್ತವೆ. ರೈಲು ನಿಲ್ದಾಣದ ದಕ್ಷಿಣದ ಬೀದಿಗಳಲ್ಲಿ ಟರ್ಕಿಯವರ, ಆಫ್ಘನ್ನರ, ಅರಬರ ಅಂಗಡಿಗಳ ಸಾಲೇ ಇದೆ.

ಈ ಮೇಜಿನ ಸುತ್ತ ಕೂರುವ ಅವಕಾಶವೇ ಎಲ್ಲರಿಗೂ ಸಮನಾಗಿ ಸಿಗುವುದಿಲ್ಲ ಎಂಬುದನ್ನೂ ಮುಚ್ಚಿಡಬಾರದು. 2017ರಲ್ಲಿ ಬವೇರಿಯಾದ ಬಾನುಲಿ ಸಂಸ್ಥೆ ಮತ್ತು ‘ಡೆರ್ ಸ್ಪೀಗೆಲ್’ ವಾರಪತ್ರಿಕೆ ಸೇರಿ ಹತ್ತು ನಗರಗಳ ಮನೆ ಜಾಹೀರಾತುಗಳಿಗೆ, ಹೆಸರು ಮಾತ್ರ ಬದಲಿಸಿ, ಒಂದೇ ಬಗೆಯ ಸುಮಾರು ಇಪ್ಪತ್ತು ಸಾವಿರ ಪತ್ರ ಬರೆದು ನೋಡಿದವು. ಟರ್ಕಿ ಮತ್ತು ಅರಬ್ ಹೆಸರಿನವರಿಗೆ ಉತ್ತರ ತೀರ ಕಡಿಮೆ ಬಂತು, ಈ ತಾರತಮ್ಯ ಹೆಚ್ಚಿದ್ದ ಊರುಗಳಲ್ಲಿ ಮ್ಯೂನಿಕ್ ಮುಂದಿತ್ತು. ನಮ್ಮ ಹೆಸರುಗಳಿಗೂ ಅದರ ಬಿಸಿ ತಟ್ಟುತ್ತದೆ. ಬರೆದ ಪತ್ರಗಳಿಗೆ ಉತ್ತರ ಬಾರದಿದ್ದಾಗ ‘ನನ್ನಲ್ಲೇ ಏನೋ ಕೊರತೆ’ ಎಂದು ಮಕ್ಕಳು ಕುಗ್ಗುತ್ತಾರೆ. ಕೊರತೆ ಅವರಲ್ಲಿಲ್ಲ. ಜರ್ಮನ್ನಿನಲ್ಲಿ, ಅರ್ಧಂಬರ್ಧವಾದರೂ ಸ್ವಂತ ಮಾತಿನಲ್ಲಿ, ಆ ಮನೆಯ ಜಾಹೀರಾತನ್ನು ಓದಿದ್ದೇನೆ ಎಂದು ಗೊತ್ತಾಗುವಂತೆ ಬರೆದ ಪತ್ರಕ್ಕೆ ಉತ್ತರ ಬರುವ ಸಾಧ್ಯತೆ ಹೆಚ್ಚು ಎಂಬುದು ಇಲ್ಲಿ ಮನೆ ಹುಡುಕಿದವರೆಲ್ಲ ಹೇಳುವ ಮಾತು.

ಅಡುಗೆಮನೆ ಹಂಚಿಕೊಳ್ಳದೆಯೂ ಒಡನಾಟ ಕಟ್ಟಿಕೊಟ್ಟ ಒಂದು ಜಾಗ ಇಲ್ಲಿದೆ, ಅದು ಒಲಿಂಪಿಕ್ ಗ್ರಾಮ. 1972ರ ಕ್ರೀಡಾಕೂಟದಲ್ಲಿ ಮಹಿಳಾ ಕ್ರೀಡಾಪಟುಗಳಿಗೆಂದು ಕಟ್ಟಿದ ಪುಟ್ಟ ಮನೆಗಳು ಆಟ ಮುಗಿದ ಮೇಲೆ ವಿದ್ಯಾರ್ಥಿಗಳ ಕೈಗೆ ಬಂದವು. ಹಳೆಯವು ಶಿಥಿಲವಾಗಿ 2007ರಿಂದ ಕೆಡವಿ ಮತ್ತೆ ಕಟ್ಟಿದರು, ಈಗ 1,052 ಮನೆಗಳು ಓಣಿ ಓಣಿಯಾಗಿ ನಿಂತಿವೆ. ಒಬ್ಬೊಬ್ಬರಿಗೆ ಒಂದೊಂದು, ಕೆಳಗೆ ಪುಟ್ಟ ಒಲೆ, ಮೇಲೆ ಓದುವ ಜಾಗ. ಮುಂಬಾಗಿಲ ಗೋಡೆಗೆ ಬೇಕಾದ ಚಿತ್ರ ಬರೆಯಲು ವಾಸವಿರುವವರಿಗೆ ಸ್ವಾತಂತ್ರ್ಯವಿದೆ. ಬಾಗಿಲು ತೆರೆದರೆ ಎದುರಿನವರ ಬಾಗಿಲು ಕೈಗೆಟಕುವಷ್ಟು ಹತ್ತಿರ, ಆ ಕಿರಿದಾದ ಓಣಿಯೇ ಹಂಚಿಕೊಂಡ ಕೋಣೆಯ ಕೆಲಸ ಮಾಡುತ್ತದೆ. ಅದೇ ಗ್ರಾಮದ ಕಾನಲಿ ಬೀದಿಯ 31ನೇ ಮನೆಗೆ 1972ರ ಸೆಪ್ಟೆಂಬರ್ 5ರ ಬೆಳಗಿನ ಜಾವ ಉಗ್ರರು ನುಗ್ಗಿದರು, ಇಸ್ರೇಲ್ ತಂಡದ ಹನ್ನೊಂದು ಜನ ಸತ್ತರು. ಆ ಮನೆಯ ಮುಂದೆ ಫಲಕವಿದೆ. ಹೊಸದಾಗಿ ವಾಸಕ್ಕೆ ಬಂದವರು ಒಮ್ಮೆ ಅಲ್ಲಿ ನಿಂತು ಓದಿ ಬರಬೇಕು.

ದೂರದ ವಿಚಾರಕ್ಕೆ ಬಂದರೆ, ಕಿಲೋಮೀಟರಿಗಿಂತ ರೈಲಿನ ಬಗೆ ನೋಡುವುದು ಒಳ್ಳೆಯದು. ಯು-ಬಾನ್ ಎಂಬ ನಗರದೊಳಗಿನ ರೈಲಿಗೂ ಎಸ್-ಬಾನ್ ಎಂಬ ಹೊರವಲಯದ ರೈಲಿಗೂ ವ್ಯತ್ಯಾಸವಿದೆ. ಎಸ್-ಬಾನ್ ಮಾರ್ಗಗಳು ಬಹುತೇಕ ಎಲ್ಲವೂ 1972ರಲ್ಲಿ ಒಲಿಂಪಿಕ್ಸ್‌ಗಾಗಿ ತೆರೆದ ಒಂದೇ ಸುರಂಗದಲ್ಲಿ ಹಾಯುತ್ತವೆ. ಅಲ್ಲಿ ಒಂದು ರೈಲು ನಿಂತರೆ ಇಡೀ ಹೊರವಲಯ ನಿಲ್ಲುತ್ತದೆ. ಎರಡನೇ ಸುರಂಗದ ಕೆಲಸ 2017ರಲ್ಲಿ ಶುರುವಾಯಿತು, 2035ಕ್ಕೆ ಮೊದಲು ಮುಗಿಯುವುದಿಲ್ಲ. ಆದ್ದರಿಂದ ನಕ್ಷೆಯಲ್ಲಿ ಹತ್ತಿರ ಕಾಣುವ ಎಸ್-ಬಾನ್ ನಿಲ್ದಾಣಕ್ಕಿಂತ ದೂರದ ಯು-ಬಾನ್ ನಿಲ್ದಾಣ ವಾಸಕ್ಕೆ ಮೇಲು. ಹಾಸನ್‌ಬೆರ್ಗ್ಲ್, ನಾಯ್‌ಪೆರ್ಲಾಖ್, ಮೋಸಾಖ್ ಎಂಬ ಬಡಾವಣೆಗಳ ಹೆಸರು ಕೇಳಿ ಮೂಗು ಮುರಿಯುವ ಮ್ಯೂನಿಕ್ಕರಿದ್ದಾರೆ, ಅವರ ಮಾತಿಗೆ ಕಿವಿಗೊಡಬೇಕಿಲ್ಲ. ದುಡಿಯುವ ಜನರ, ಹಲವು ದೇಶಗಳ ಸಂಸಾರಗಳ ಬಡಾವಣೆಗಳವು, ರಾತ್ರಿ ಓಡಾಡಲೂ ಭಯವಿಲ್ಲ, ಯು-ಬಾನ್ ಮನೆಬಾಗಿಲಿಗೆ ಬರುತ್ತದೆ. ಗಾರ್ಶಿಂಗ್‌ನಲ್ಲೇ ಇರಬೇಕೇ ಎಂದು ತಾಂತ್ರಿಕ ವಿಶ್ವವಿದ್ಯಾಲಯದವರು ಕೇಳುತ್ತಾರೆ. ಅಗತ್ಯವಿಲ್ಲ. 2006ರಲ್ಲಿ ಯು-6 ಕ್ಯಾಂಪಸ್ಸಿನ ಒಳಗೇ ಬಂದ ಮೇಲೆ ನಗರದ ನಡುವಿನಿಂದ ಅಲ್ಲಿಗೆ ಅರ್ಧ ಗಂಟೆಯ ದಾರಿ. ಸಂಜೆ ಪ್ರಯೋಗಾಲಯ ಖಾಲಿಯಾದ ಮೇಲೆ ಆ ಕ್ಯಾಂಪಸ್ಸಿನಲ್ಲಿ ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ. ಫ್ರೈಸಿಂಗ್‌ನ ವೈಹೆನ್‌ಸ್ಟೆಫಾನ್‌ನಲ್ಲಿ ಕೃಷಿ, ಆಹಾರ ವಿಜ್ಞಾನ ಓದುವವರು ಮಾತ್ರ ಆ ಊರಿನಲ್ಲೇ ಇರುವುದು ಸರಿ.

ಕಾಗದಪತ್ರದ ಒಂದು ಮಾತನ್ನು ಬಿಡುವಂತಿಲ್ಲ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಕೊಟ್ಟವರ ಸಹಿಯಿರುವ ದೃಢೀಕರಣ ಬೇಕು. ಈ ನೋಂದಣಿ ಇಲ್ಲದೆ ತೆರಿಗೆ ಸಂಖ್ಯೆ ಬರದು, ವಾಸದ ಪರವಾನಗಿ ಮುಂದೆ ಹೋಗದು. ಬಾಡಿಗೆ ಕಡಿಮೆ, ಆದರೆ ನೋಂದಣಿ ಮಾಡಿಕೊಡುವುದಿಲ್ಲ ಎನ್ನುವ ಕೋಣೆಯನ್ನು ಕೋಣೆ ಎಂದೇ ಲೆಕ್ಕಿಸಬಾರದು. ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಬೆಂಗಳೂರಿನ ಪದ್ಧತಿ ನೋಡಿ ಬಂದವರಿಗೆ ಇಲ್ಲಿ ಸಮಾಧಾನವಿದೆ. ಶಾಖ, ನೀರಿನ ಖರ್ಚು ಬಿಟ್ಟು ಮೂಲ ಬಾಡಿಗೆಯ ಮೂರು ಪಟ್ಟಿಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡಬಹುದು ಎಂದು ಕಾನೂನೇ ಹೇಳುತ್ತದೆ. ‘ನಾನು ಸದ್ಯ ಲಂಡನ್ನಿನಲ್ಲಿದ್ದೇನೆ, ಹಣ ಕಳಿಸಿ, ಕೀಲಿಕೈ ಅಂಚೆಯಲ್ಲಿ ಬರುತ್ತದೆ’ ಎನ್ನುವವರೆಲ್ಲ ಮೋಸಗಾರರು. ಚಿತ್ರದಲ್ಲಿ ಮನೆ ಎಷ್ಟೇ ಚೆನ್ನಾಗಿರಲಿ, ಬಾಗಿಲು ತೆರೆದು ನೋಡುವವರೆಗೆ ಹಣ ಕೊಡಬಾರದು, ಪಾಸ್‌ಪೋರ್ಟಿನ ಪ್ರತಿಯನ್ನೂ ಕಳಿಸಬಾರದು.

ಹೆಚ್ಚು ಜನ ತಟ್ಟದ ಬಾಗಿಲುಗಳೂ ಕೆಲವಿವೆ. ನನಗೆ ತುಂಬ ಇಷ್ಟವಾದದ್ದು ‘ನೆರವಿಗೆ ಪ್ರತಿಯಾಗಿ ವಾಸ’ ಎಂಬ ವ್ಯವಸ್ಥೆ. ದೊಡ್ಡ ಮನೆಯಲ್ಲಿ ಒಂಟಿಯಾಗಿರುವ ಹಿರಿಯರು ಒಂದು ಕೋಣೆಯನ್ನು ವಿದ್ಯಾರ್ಥಿಗೆ ಬಿಟ್ಟುಕೊಡುತ್ತಾರೆ. ಬಾಡಿಗೆ ಇಲ್ಲ, ಕೋಣೆಯ ಒಂದು ಚದರ ಮೀಟರಿಗೆ ತಿಂಗಳಿಗೆ ಒಂದು ಗಂಟೆ ನೆರವು ಕೊಡಬೇಕು. ಹದಿನೈದು ಚದರ ಮೀಟರಿನ ಕೋಣೆಗೆ ತಿಂಗಳಲ್ಲಿ ಹದಿನೈದು ಗಂಟೆ ಅಂಗಡಿಗೆ ಹೋಗಿಬರುವುದು, ತೋಟದ ಕೆಲಸ, ಜೊತೆಗೆ ಕೂತು ಮಾತಾಡುವುದು. ಶುಶ್ರೂಷೆ ಇದರಲ್ಲಿ ಸೇರುವುದಿಲ್ಲ. ಕರೆಂಟು, ನೀರಿನ ಖರ್ಚು ಮಾತ್ರ ಕೊಟ್ಟರಾಯಿತು. ಅಜ್ಜ ಅಜ್ಜಿಯರ ಜೊತೆ ಬೆಳೆದ ನಮ್ಮ ಮಕ್ಕಳಿಗೆ ಇದು ಹೇಳಿಮಾಡಿಸಿದ ಹಾಗಿದೆ, ಬಾಯಿತುಂಬ ಬವೇರಿಯಾದ ಜರ್ಮನ್ನೂ ಬರುತ್ತದೆ. ಕ್ಯಾಥೊಲಿಕ್, ಪ್ರೊಟೆಸ್ಟಂಟ್ ಚರ್ಚುಗಳ ಹಾಸ್ಟೆಲುಗಳಲ್ಲಿ ಬೇರೆ ಧರ್ಮದವರನ್ನೂ ಸೇರಿಸಿಕೊಳ್ಳುವವು ಇವೆ. ಹುಡುಗರಿಗೆ ಚೆಂದದ ಬಂಗಲೆಗಳಲ್ಲಿ ಅಗ್ಗದ ಕೋಣೆ ಕೊಡುವ ಹಳೆಯ ವಿದ್ಯಾರ್ಥಿ ಸಂಘಗಳ ಜಾಹೀರಾತೂ ಕಾಣುತ್ತದೆ. ಕೆಲವು ನಿರುಪದ್ರವಿ, ಕೆಲವು ಕತ್ತಿವರಸೆಯ ಸಂಪ್ರದಾಯದವು, ಕೆಲವನ್ನು ಬಲಪಂಥೀಯ ಉಗ್ರವಾದದ ಕಾರಣಕ್ಕೆ ಸರ್ಕಾರವೇ ಕಣ್ಣಿಟ್ಟು ನೋಡುತ್ತಿದೆ. ಯಾವ ಸಂಘ ಎಂದು ವಿಚಾರಿಸದೆ ಒಳಗೆ ಕಾಲಿಡಬೇಡಿ. ಇಸಾರ್ ನದಿಯ ದಂಡೆಯ ಮೇಲೆ ಮ್ಯಾಕ್ಸಿಮಿಲಿಯಾನೆಯಂ ಎಂಬ ಅರಮನೆಯಂಥ ಕಟ್ಟಡವಿದೆ. 1949ರಿಂದ ಬವೇರಿಯಾದ ವಿಧಾನಸಭೆ ಕೂರುವುದು ಅಲ್ಲೇ. ಆದರೆ ಅದರ ಮೂಲ ಉದ್ದೇಶ ಬೇರೆ. ದೊರೆ ಎರಡನೇ ಮ್ಯಾಕ್ಸಿಮಿಲಿಯನ್ 1852ರಲ್ಲಿ ಬುದ್ಧಿವಂತ ವಿದ್ಯಾರ್ಥಿಗಳಿಗೆ ಊಟ ವಸತಿ ಉಚಿತವಾಗಿ ಕೊಡಲು ನಿಲಯವೊಂದನ್ನು ಸ್ಥಾಪಿಸಿದ. ಭೌತವಿಜ್ಞಾನಿ ಹೈಸೆನ್‌ಬರ್ಗ್ ಅಲ್ಲಿನ ವಿದ್ಯಾರ್ಥಿಗಳಲ್ಲೊಬ್ಬರು. ಇಂದಿಗೂ ವಿಧಾನಸಭೆಯ ಸೂರಿನಡಿ ಕೆಲವೇ ಕೆಲವು ವಿದ್ಯಾರ್ಥಿಗಳು ಉಚಿತವಾಗಿ ಉಂಡು ಓದುತ್ತಾರೆ. ಬವೇರಿಯಾದ ಶಾಲೆಗಳಲ್ಲಿ ಅತ್ಯುನ್ನತ ಅಂಕ ಪಡೆದವರಿಗೆ ಮಾತ್ರ ಅದು ಮೀಸಲು, ನಮ್ಮವರಿಗೆ ಸಿಗದು. ಆದರೂ ಸಿದ್ಧಗಂಗೆಯ ನಾಡಿನಿಂದ ಬಂದವರಿಗೆ ಆ ಕಟ್ಟಡದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಬರುವ ಹೊತ್ತನ್ನೂ ಯೋಚಿಸಿ ಆರಿಸಬೇಕು. ಚಳಿಗಾಲದ ಸೆಮಿಸ್ಟರ್‌ನ ಪಾಠ ಅಕ್ಟೋಬರ್ ಮಧ್ಯದಲ್ಲಿ ಶುರು. ಅದಕ್ಕೆ ಸ್ವಲ್ಪ ಮುಂಚೆ ಅಕ್ಟೋಬರ್‌ಫೆಸ್ಟ್ ನಡೆದು ಊರಿನ ಹೋಟೆಲು, ಡಾರ್ಮಿಟರಿಗಳ ದರ ಆಕಾಶಕ್ಕೇರಿರುತ್ತದೆ. ಆ ಎರಡು ವಾರಗಳಲ್ಲಿ ಮನೆಯಿಲ್ಲದೆ ಬಂದಿಳಿಯುವುದು ಎಲ್ಲಕ್ಕಿಂತ ದುಬಾರಿ ತಪ್ಪು. ಆಗಸ್ಟ್ ಕೊನೆಗೇ ಬರಲು ವೀಸಾ ಸಿಕ್ಕಿದರೆ ಬನ್ನಿ, ಸಿಗದಿದ್ದರೆ ಊರಿಗೆ ಹೋದವರ ಕೋಣೆಯನ್ನು ಎರಡು ಮೂರು ತಿಂಗಳ ಮಟ್ಟಿಗೆ ಒಳಬಾಡಿಗೆಗೆ ಹಿಡಿಯಿರಿ. ಅದಕ್ಕೂ ನೋಂದಣಿ ಮಾಡಿಕೊಡುತ್ತಾರೆಯೇ ಎಂದು ಮೊದಲೇ ಕೇಳಿ. ನಿಜವಾದ ಹುಡುಕಾಟ ಫೆಬ್ರುವರಿಯಲ್ಲಿ ನಡೆಸಿ. ಏಪ್ರಿಲ್‌ಗೆ ಬೇಸಿಗೆ ಸೆಮಿಸ್ಟರ್ ಆರಂಭವಾಗುವ ಮುಂಚೆ ಓದು ಮುಗಿಸಿದವರು, ಬೇರೆ ಊರಿಗೆ ಹೊರಟವರು ಕೋಣೆ ಬಿಡುತ್ತಾರೆ, ಹುಡುಕುವವರು ಅಕ್ಟೋಬರ್‌ನಷ್ಟು ಇರುವುದಿಲ್ಲ. ಅಷ್ಟರಲ್ಲಿ ಯಾವ ರೈಲು ಎಷ್ಟು ಹೊತ್ತು, ಯಾವ ಬಡಾವಣೆ ಹೇಗೆ ಎಂಬುದು ಕಾಲಿಗೇ ಗೊತ್ತಾಗಿರುತ್ತದೆ, ಅಡುಗೆಮನೆಯ ಮೇಜಿನ ಮುಂದೆ ಕೂತು ಹತ್ತು ನಿಮಿಷ ಮಾತಾಡುವಷ್ಟು ಜರ್ಮನ್ ಬಂದಿರುತ್ತದೆ.